ಚಿಕ್ಕಕ್ಕ ಕೊಟ್ಟ ಮಾತ್ರೆ

ಚಿಕ್ಕಕ್ಕ ತನ್ನ ಅಣ್ಣ ತಿಪ್ಪಯ್ಯನ ಜೊತೆ ಮಾತು ಬಿಟ್ಟು ಹದಿನೈದು ವರ್ಷದ ಮೇಲಾಗಿತ್ತು. ಇಬ್ಬರೂ ಇದ್ದದ್ದು ಒಂದೇ ಮನೆಯಲ್ಲಿ, ಉಣ್ಣುತ್ತಿದ್ದದ್ದು ಒಂದೇ ಒಲೆಯ ಮುದ್ದೆ. ಬರಗೂರು ಬಿಟ್ಟು ಶಿರಾ ಕಡೆಗೆ ಹೊರಟ ಬಸ್ಸು ಒಂದು ನಿಮಿಷ ನಿಂತರೆ ನಿಂತಿತು, ಇಲ್ಲದಿದ್ದರೆ ಇಲ್ಲ ಎನ್ನುವಂಥ ಸಣ್ಣ ಊರು ಅವರದು. ಅಲ್ಲಿ ಯಾರ ಮನೆಯ ಜಗಳವೂ ಗುಟ್ಟಲ್ಲ. ಆದರೆ ಇವರದು ಜಗಳವೂ ಅಲ್ಲ. ಜಗಳ ಆಡಲು ಮಾತಾದರೂ ಬೇಕು. ಚಿಕ್ಕಕ್ಕ ಏನಾದರೂ ಹೇಳಬೇಕಾದರೆ ಹಿತ್ತಲ ಕೋಳಿಗೆ ಹೇಳುತ್ತಿದ್ದಳು. "ಸಾರು ಆರೋಗ್ತೈತೆ, ಉಣ್ಣೋರು ಬಂದು ಉಣ್ಣಬೌದು." ಅವನು ಗೋಡೆಗೆ ಹೇಳುತ್ತಿದ್ದ. "ಉಪ್ಪಿಲ್ಲ." ತಿಪ್ಪಯ್ಯನ ಮಗ ರಂಗೇಶ್ ಮದುವೆಯಾಗಿ ವರಲಕ್ಷ್ಮಿ ಮನೆಗೆ ಬಂದಮೇಲೆ ಕೋಳಿಗೂ ಗೋಡೆಗೂ ಬಿಡುವಾಯಿತು. ಮಾತೆಲ್ಲ ಆ ಹುಡುಗಿಯ ಮೂಲಕವೇ ಓಡಾಡತೊಡಗಿತು.

ಚಿಕ್ಕಕ್ಕನನ್ನು ಪಾವಗಡದ ಆಚೆಯ ಒಂದು ಹಳ್ಳಿಗೆ ಕೊಟ್ಟಿದ್ದರು. ಗಂಡ ಭೀಮರಾಜು ಕಡಲೆಕಾಯಿ ಮಿಲ್ಲಿನಲ್ಲಿ ಕೆಲಸಕ್ಕಿದ್ದ. ಅತ್ತೆ ಮನೆಯಲ್ಲಿ ಎಲ್ಲರದೂ ತೆಲುಗು. ಚಿಕ್ಕಕ್ಕ ಮೊದಲು ಕಲಿತದ್ದು ಬೈಗುಳ, ಆಮೇಲೆ ಉಳಿದದ್ದು. ಮಕ್ಕಳಾಗಲಿಲ್ಲ. ಭೀಮರಾಜು ಅದೇ ಊರಲ್ಲಿ ಇನ್ನೊಬ್ಬಳನ್ನು ಕಟ್ಟಿಕೊಂಡ. ಚಿಕ್ಕಕ್ಕ ಒಂದು ಚೀಲಕ್ಕೆ ಸೀರೆ ತುರುಕಿಕೊಂಡು ತವರಿಗೆ ಬಂದುಬಿಟ್ಟಳು.

ತಿಪ್ಪಯ್ಯ ಆಗ ಶಿರಾದಿಂದ ಮಧುಗಿರಿ ಮೇಲೆ ಪಾವಗಡಕ್ಕೆ ಓಡುತ್ತಿದ್ದ ಖಾಸಗಿ ಬಸ್ಸಿನ ಕಂಡಕ್ಟರ್. ಗಂಟಲು ದೊಡ್ಡದು, ಕೈ ಮುಂದು. ಒಂದು ದಿನ ಪಾವಗಡದ ಬಸ್‌ಸ್ಟ್ಯಾಂಡಿನಲ್ಲಿ ಭೀಮರಾಜು ಕಣ್ಣಿಗೆ ಬಿದ್ದದ್ದೇ ತಡ, ಬಸ್ಸಿನಿಂದ ಧುಮುಕಿ, ಹೆಗಲ ಟಿಕೆಟ್ ಚೀಲ ತೆಗೆದು ಅದರಿಂದಲೇ ಮುಖಮೂತಿ ನೋಡದೆ ಬಡಿದ. ಅಲ್ಲಿಗೆ ಆ ಮನೆಯ ಬಾಗಿಲು ಮುಚ್ಚಿತು. ನನ್ನನ್ನು ಒಂದು ಮಾತು ಕೇಳದೆ ಹೊಡೆದನಲ್ಲ ಎಂದು ಚಿಕ್ಕಕ್ಕ ಒಂದಷ್ಟು ದಿನ ಕುದ್ದಳು, ಆಮೇಲೆ ಬಿಟ್ಟಳು. ಅಷ್ಟರಲ್ಲಿ ತಿಪ್ಪಯ್ಯನ ಹೆಂಡತಿ ಕೊಲ್ಲಾಪುರಮ್ಮ ಕಾಮಾಲೆಯಾಗಿ ತೀರಿಕೊಂಡಳು. ಇನ್ನೂ ನೆಟ್ಟಗೆ ನಡೆಯಲು ಬಾರದ ರಂಗೇಶ ಚಿಕ್ಕಕ್ಕನ ಸೊಂಟ ಹತ್ತಿದ.

ಮಾತು ಬಿಡಿಸಿದ್ದು ಬೇರೆ. ಕೆಲವು ವರ್ಷ ಕಳೆದು ಭೀಮರಾಜು ಸತ್ತ. ತಿಪ್ಪಯ್ಯನಿಗೆ ಅದೇ ದಿನ ಗೊತ್ತಾಯಿತು. ಅವನ ಬಸ್ಸು ಹತ್ತಿದ ಆ ಊರಿನವರೇ ಹೇಳಿದರು. ಅವನು ಮನೆಗೆ ಬಂದ, ಕೈಕಾಲು ತೊಳೆದ, ಉಂಡ, ಮಲಗಿದ. ಮರುದಿನವೂ ಹೇಳಲಿಲ್ಲ, ಮರು ತಿಂಗಳೂ ಹೇಳಲಿಲ್ಲ. ಗೌರಿ ಹಬ್ಬದ ಮುಂದೆ ಚಿಕ್ಕಕ್ಕ ಶಿರಾ ಸಂತೆಗೆ ಹೋಗಿ ಹೊಸ ಬಳೆ ತೊಟ್ಟು ನಿಂತಿದ್ದಳು. ಗಂಡನ ಊರಿನ ಹೆಂಗಸೊಬ್ಬಳು ಎದುರಾದಳು. ಅವಳ ಕೈ ನೋಡಿದಳು, ಹಣೆ ನೋಡಿದಳು, ಬಾಯಿಗೆ ಸೆರಗು ಹಿಡಿದಳು.

"ಏಮ್ಮಾ, ನೀಕು ತೆಲೀದಾ?"

ನಿನಗೆ ಗೊತ್ತಿಲ್ಲವಾ ಎಂದು ಆಕೆ ಕೇಳಿದ ಆ ದನಿ ಚಿಕ್ಕಕ್ಕನ ಕಿವಿಯಿಂದ ಹೋಗಲೇ ಇಲ್ಲ. ಗಂಡ ಸತ್ತದ್ದನ್ನೂ, ಅವತ್ತೇ ಅಣ್ಣನಿಗೆ ಬಸ್ಸಿನಲ್ಲಿ ತಿಳಿಸಿದ್ದನ್ನೂ ಆಕೆಯೇ ಹೇಳಿದಳು. ಮನೆಗೆ ಬಂದು ಅಣ್ಣನ ಮುಂದೆ ತಟ್ಟೆ ಇಟ್ಟಳು. ಅವತ್ತಿನಿಂದ ಅವನ ಜೊತೆ ಮಾತಿಲ್ಲ. ಯಾಕೆಂದು ಅವನೂ ಕೇಳಲಿಲ್ಲ. ಗಂಡ ಸತ್ತದ್ದು ತಿಳಿದು, ಅವನಿಗೆ ಹೊಡೆದ ಸಿಟ್ಟು ಈಗ ಎದ್ದಿದೆ ಎಂದುಕೊಂಡು ಅವನೂ ಬಿಗಿದುಕೊಂಡ. ಊರಿನವರು ತಿಳಿದುಕೊಂಡದ್ದೂ ಹಾಗೆಯೇ.

ಈಗ ತಿಪ್ಪಯ್ಯ ಬಸ್ಸು ಬಿಟ್ಟು ಮನೆ ಹಿಡಿದಿದ್ದ. ಚಿಕ್ಕಕ್ಕ ಹುಣಸೆ ಕಾಲದಲ್ಲಿ ಹಣ್ಣು ಕುಟ್ಟಿ ಬೀಜ ಬಿಡಿಸುವ ಕೂಲಿಗೆ ಹೋಗುತ್ತಿದ್ದಳು. ಉಳಿದ ಕಾಲದಲ್ಲಿ ಮನೆ. ಈ ವರ್ಷ ಬೇಸಿಗೆ ಶುರುವಿನಲ್ಲಿ ತಿಪ್ಪಯ್ಯನ ಅಂಗಾಲಿಗೆ ಜಾಲಿ ಮುಳ್ಳು ಹೊಕ್ಕಿತು. ತಾನೇ ಪಿನ್ನಿನಲ್ಲಿ ಕೆದಕಿ ತೆಗೆದು, ಅದರ ಮೇಲೆ ಎಲೆ ಅಡಿಕೆ ರಸ ಉಗಿದು ಸುಮ್ಮನಾದ. ಪಾದ ಊದಿ ಕೆಂಪಾಗಿ ಜ್ವರ ಹತ್ತಿದ ಮೇಲೆ ರಂಗೇಶ್ ಬೈದು ಶಿರಾಕ್ಕೆ ಕರೆದೊಯ್ದ. ಡಾಕ್ಟರು ಕೀವು ತೆಗೆದು ಪಟ್ಟಿ ಕಟ್ಟಿ, ಆಂಟಿಬಯೋಟಿಕ್ ಮಾತ್ರೆ ಬರೆದುಕೊಟ್ಟರು. ಬೆಳಿಗ್ಗೆ ಒಂದು, ರಾತ್ರಿ ಒಂದು, ಹೊಟ್ಟೆಗೆ ಏನಾದರೂ ತಿಂದ ಮೇಲೆ. ವರಲಕ್ಷ್ಮಿ ಹೊತ್ತಿಗೆ ಸರಿಯಾಗಿ ಮಾತ್ರೆ ತೆಗೆದು ಮುಚ್ಚಳದಲ್ಲಿಟ್ಟು ಲೋಟದ ಪಕ್ಕ ತಂದಿಡುತ್ತಿದ್ದಳು. ತಿಪ್ಪಯ್ಯ ನೋಡದೆ ನುಂಗುತ್ತಿದ್ದ.

ಅಷ್ಟರಲ್ಲಿ ಗೊರವನಹಳ್ಳಿ ಹತ್ತಿರದ ತವರಿನಲ್ಲಿ ವರಲಕ್ಷ್ಮಿಯ ಅವ್ವ ಜಾರಿಬಿದ್ದು ಕೈ ಮುರಿದುಕೊಂಡಳು. ಹೊರಡುವಾಗ ವರಲಕ್ಷ್ಮಿ ಚಿಕ್ಕಕ್ಕನಿಗೆ ಹೇಳಿದಳು, "ಅತ್ತೆ, ಮಾತ್ರೆ ಗೂಡಲ್ಲಿಟ್ಟಿವ್ನಿ. ಮರೀದೆ ಮಾವನಿಗೆ ಕೊಡಿ." ಚಿಕ್ಕಕ್ಕ ಹೂಂ ಅನ್ನಲಿಲ್ಲ. ಹುಡುಗಿಗೆ ಅನುಮಾನ ಬಂತು. ಜಗಲಿಗೆ ಹೋಗಿ ತಿಪ್ಪಯ್ಯನಿಗೂ ಹೇಳಿದಳು, "ಮಾವ, ಮಾತ್ರೆ ನೀವೇ ನೆಪ್ಪಿಟ್ಕಂಡು ತಗಳಿ." ಒಬ್ಬರಿಗೆ ಹೇಳಿದ್ದು ಇನ್ನೊಬ್ಬರಿಗೆ ತಿಳಿಯಲಿಲ್ಲ.

ಮರುದಿನ ಬೆಳಿಗ್ಗೆ ರಂಗೇಶ್ ತಾನು ಓಡಿಸುವ ಸ್ಕೂಲ್ ವ್ಯಾನ್ ತೆಗೆದುಕೊಂಡು ಹೋದಮೇಲೆ ತಿಪ್ಪಯ್ಯ ರೊಟ್ಟಿ ತಿಂದ, ಕುಂಟುತ್ತಾ ಗೂಡಿನ ಬಳಿ ಹೋಗಿ ಒಂದು ಮಾತ್ರೆ ನುಂಗಿ ಜಗಲಿಗೆ ಬಂದು ಕೂತ. ಚಿಕ್ಕಕ್ಕ ನಲ್ಲಿ ನೀರಿಗೆ ಹೋಗಿದ್ದಳು. ಬಂದು ನೋಡಿದರೆ ರೊಟ್ಟಿ ತಿಂದ ತಟ್ಟೆ ಇತ್ತು. ಮಾತ್ರೆ ಆಗಿದೆಯೋ ಇಲ್ಲವೋ ತಟ್ಟೆ ಹೇಳುವುದಿಲ್ಲ. ಕಾಫಿ ಕಾಸಿದಳು. ಗೂಡಿನ ಮಾತ್ರೆ ಶೀಟಿನಿಂದ ಒಂದನ್ನು ಒತ್ತಿ ತೆಗೆದು ಮುಚ್ಚಳದಲ್ಲಿಟ್ಟು, ಲೋಟದ ಜೊತೆ ಜಗಲಿಯ ಮೇಲೆ ಇಟ್ಟಳು. ಕೇಳಿದ್ದರೆ ಒಂದೇ ಮಾತು. ಕೇಳಲಿಲ್ಲ.

ತಿಪ್ಪಯ್ಯ ಫೋನಿನಲ್ಲಿ ಯಾವುದೋ ಚಾನೆಲ್ಲಿನವರ ಜಗಳ ನೋಡುತ್ತಾ, ಅವರಿಗಿಂತ ಜೋರಾಗಿ ಅವರನ್ನು ಬೈಯುತ್ತಿದ್ದ. ಕೈ ಮುಚ್ಚಳಕ್ಕೆ ಹೋಯಿತು, ಬಾಯಿಗೆ ಹೋಯಿತು, ಕಾಫಿ ಒಂದು ಗುಟುಕು ಒಳಗಿಳಿಯಿತು. ಆಮೇಲೆ ಅವನ ಮುಖ ಬದಲಾಯಿತು. ಫೋನು ಕೆಳಗಿಟ್ಟು ಗೂಡಿನ ಬಳಿ ಓಡಿದ, ಶೀಟು ನೋಡಿದ, ಅದನ್ನು ಹಿಡಿದುಕೊಂಡೇ ಬೀದಿಗೆ ಬಿದ್ದ.

"ಕೊಟ್ಬುಟ್ಲು ಕಣ್ರಪ್ಪೋ! ಮಾತ್ರೆ ಮೇಲೆ ಮಾತ್ರೆ ಕೊಟ್ಬುಟ್ಲು! ನನ್ನ ಸಾಯಿಸ್ತಾವ್ಳೆ!"

ಬಸ್ಸಿನ ಗಂಟಲು, ಊರೆಲ್ಲಾ ಕೇಳಿತು. ಎದುರು ಮನೆಯ ನಂದೀಶ್ವರಯ್ಯ ಹಲ್ಲುಜ್ಜುತ್ತಲೇ ಬಂದ. ಹೆಂಗಸರು ಬಂದರು. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಿ ಎಂದರು ಕೆಲವರು, ಮಜ್ಜಿಗೆ ಕುಡಿಸಿ ಎಂದರು ಇನ್ನು ಕೆಲವರು. ತಿಪ್ಪಯ್ಯ ಕಟ್ಟೆಯ ಮೇಲೆ ಕೂತು ಎದೆ ಹಿಡಿದುಕೊಂಡ. ಎದೆಯಲ್ಲಿ ಏನೂ ಆಗುತ್ತಿರಲಿಲ್ಲ, ಹೊಟ್ಟೆಯೂ ಸುಮ್ಮನಿತ್ತು. ಆದರೂ ಹಿಡಿದುಕೊಂಡ.

ಚಿಕ್ಕಕ್ಕ ಬಾಗಿಲಲ್ಲಿ ನಿಂತಿದ್ದಳು. ಅವನು ಬೊಬ್ಬೆ ಹೊಡೆಯುವುದು ಅವಳಿಗೆ ಹೊಸದಲ್ಲ. ಗುಂಪಿನಲ್ಲಿದ್ದ ಲಕ್ಷ್ಮೀದೇವಿ ಪಕ್ಕದವಳ ಕಿವಿಯಲ್ಲಿ ಹೇಳಿದ್ದು ಮಾತ್ರ ಅವಳಿಗೆ ನಾಟಿತು. "ಹಳೇ ಸಿಟ್ಟು ಕಣೆ. ಗಂಡನ್ನ ಹೊಡ್ದಿದ್ನಲ್ಲ." ಲಕ್ಷ್ಮೀದೇವಿ ಹುಣಸೆ ಕೂಲಿಯಲ್ಲಿ ದಿನಾ ಅವಳ ಪಕ್ಕ ಕೂರುವವಳು. ಪಕ್ಕದವಳು ತಲೆ ಆಡಿಸಿದಳು. ಬೀದಿಗೆ ಬೀದಿಯೇ ತನ್ನ ಕೈ ನೋಡುತ್ತಿದೆ ಎನ್ನಿಸಿತು ಚಿಕ್ಕಕ್ಕನಿಗೆ. ಅಷ್ಟು ವರ್ಷ ಅವನಿಗೆ ಬೇಯಿಸಿ ಹಾಕಿದ ಕೈ. ಅವನು ನಿಜವಾಗಿ ಸತ್ತರೆ? ಎರಡು ಮಾತ್ರೆಗೆ ಸಾಯುತ್ತಾರೋ ಇಲ್ಲವೋ ಅವಳಿಗೇನು ಗೊತ್ತು? ಆ ಭಯದ ಹಿಂದೆಯೇ ಸಿಟ್ಟು ಬಂತು. ಸಾಯಲಿ ಬದುಕಲಿ, ಓದಿದವರೊಬ್ಬರು ಹೇಳಬೇಕು; ಇವನ ಬಾಯಿಂದ ತನಗೆ ಕೊಂದವಳು ಎನ್ನುವ ಹೆಸರು ಬೇಡ.

"ನಂದೀಶ್ವರಣ್ಣ," ಎಂದಳು, "ಚಪ್ಪಲಿ ಹಾಕ್ಕಳಕ್ಕೆ ಹೇಳು ಅವ್ನಿಗೆ. ಶಿರಾಕ್ಕೆ ಹೋಗಣ. ಉಪ್ಪುನೀರು ಗಿಪ್ಪುನೀರು ಏನೂ ಬ್ಯಾಡ."

ರಂಗೇಶನಿಗೆ ಫೋನು ಮಾಡಿದರು; ವ್ಯಾನ್ ಓಡಿಸುವಾಗ ಅವನು ಎತ್ತುವುದಿಲ್ಲ. ಬಸ್ಸು ಬಂತು. ಅದರ ಕಂಡಕ್ಟರ್ ನಾಗಲಿಂಗಯ್ಯ ಹಿಂದೆ ತಿಪ್ಪಯ್ಯನ ಬಸ್ಸಲ್ಲಿ ಕ್ಲೀನರ್ ಆಗಿದ್ದವನು. ಮುಂದಿನ ಸೀಟಿನವರನ್ನು ಎಬ್ಬಿಸಿ ಅವನನ್ನು ಕೂರಿಸಿದ. ಚಿಕ್ಕಕ್ಕ ಹಿಂದಿನ ಸೀಟಿನಲ್ಲಿ, ಮಾತ್ರೆ ಶೀಟು ಸೆರಗಿಗೆ ಗಂಟು ಹಾಕಿಕೊಂಡು ಕೂತಳು.

"ಏನ್ ತಿಪ್ಪಣ್ಣ, ಮಕ ಇಳ್ದೋಗೈತೆ?"

"ಸಾಯಕ್ಕೆ ಹೊಂಟಿವ್ನಿ ಕಣ್ಲಾ. ಒಡಹುಟ್ಟಿದವ್ಳೇ ಮಾತ್ರೆ ಮೇಲೆ ಮಾತ್ರೆ ಕೊಟ್ಟವ್ಳೆ. ಮನೇಲಿ ಹಾವು ಸಾಕ್ಕಂಡಂಗಾಯ್ತು ನಂದು."

ಬಸ್ಸಿನಲ್ಲಿದ್ದವರು ತಿರುಗಿ ನೋಡಿದರು. ತಿಪ್ಪಯ್ಯನಿಗೆ ಜೀವ ಬಂದಂತಾಯಿತು. ಮತ್ತೆ ಮೊದಲಿನಿಂದ ಹೇಳತೊಡಗಿದ; ಈ ಸಲ ಅವಳು ಮುಚ್ಚಳ ತಂದಿಟ್ಟು ನಕ್ಕಳು ಎಂದೂ ಸೇರಿಸಿದ.

ಚಿಕ್ಕಕ್ಕ ಎದ್ದು ಕಂಬಿ ಹಿಡಿದುಕೊಂಡಳು.

"ತಿಪ್ಪಯ್ಯ."

ಅಣ್ಣ ಎನ್ನಲಿಲ್ಲ. ತನ್ನ ಹೆಸರು ಅವಳ ಬಾಯಲ್ಲಿ ಕೇಳಿ ಅವನು ಬೆಚ್ಚಿದ.

"ಬೆಳಿಗ್ಗೆ ಒಂದು ನುಂಗಿದವ್ನು ನೀನು. ನುಂಗಿದ್ದು ಮರ್ತು ಇನ್ನೊಂದು ನುಂಗಿದವ್ನೂ ನೀನು. ನಾನೇನು ನಿನ್ನ ಬಾಯಿ ಕಿಸ್ದು ಹಾಕಿದ್ನಾ?"

"ನೀನ್ಯಾಕೆ ತಂದಿಟ್ಟೆ? ತಗಂಡ್ಯಾ ಅಂತ ಕೇಳಬೌದಿತ್ತಲ್ಲ?"

"ನೀನ್ಯಾಕೆ ಹೇಳ್ಲಿಲ್ಲ? ತಗಂಡೆ ಅಂದಿದ್ರೆ ನಿನ್ನ ಗಂಟೇನು ಹೋಗ್ತಿತ್ತು? ನೀನು ಹೇಳೋನಲ್ಲ ಬುಡು. ನನ್ನ ಗಂಡ ಸತ್ತಾಗ್ಲೇ ಹೇಳ್ಲಿಲ್ಲ, ಇನ್ನು ಮಾತ್ರೆ ಹೇಳ್ತೀಯಾ?"

ಬಸ್ಸು ಗುಂಡಿಗೆ ಇಳಿದು ಹತ್ತಿತು. ನಾಗಲಿಂಗಯ್ಯ ಟಿಕೆಟ್ ಹರಿಯುವುದು ಬಿಟ್ಟು ನಿಂತ.

"ಅವ್ನು ಸತ್ತಿದ್ದು ನಿಂಗೆ ಅವತ್ತೇ ಗೊತ್ತು. ನಿನ್ನ ಬಸ್ಸಲ್ಲೇ ಹೇಳಿದ್ರು. ಬಂದು ಮುದ್ದೆ ಮುರ್ಕಂಡು ಉಂಡೆ. ಹಣೆ ತುಂಬ ಕುಂಕುಮ ಇಟ್ಕಂಡು ನಾನೇ ಬಡಿಸ್ದೆ. ನನ್ನ ಹಣೆ ನೋಡ್ಕಂಡೇ ಉಂಡ್ಯಲ್ಲೋ! ಸಂತೇಲಿ ಹೊಸ ಬಳೆ ತೊಟ್ಕಂಡು ಹುಚ್ಚಿ ಹಂಗೆ ನಿಂತಿದ್ದೆ ನಾನು. ಯಾವಳೋ ಬಂದು ಹೇಳ್ಬೇಕಾಯ್ತು."

ತಿಪ್ಪಯ್ಯ ಅವಳ ಕಡೆಗೆ ತಿರುಗಿ ಕೂತ.

"ಅದಕ್ಕಾ ಮಾತು ಬುಟ್ಟಿದ್ದು?" ಎಂದ. "ಹೊಡ್ದಿದ್ದಕ್ಕೆ ಅಂದ್ಕಂಡಿದ್ದೆ."

"ಹೊಡ್ದಿದ್ದು ಯಾವ ಲೆಕ್ಕ!"

"ಹೇಳಣ ಅಂತಿದ್ದೆ. ಅವತ್ತು ಬಾಯಿ ಬರ್ಲಿಲ್ಲ. ನಾಳೆ ಹೇಳಣ ಅಂದ್ಕಂಡೆ. ತಡ ಆದ್ಮೇಲೆ ಹೆಂಗೆ ಹೇಳೋದು?"

"ಬಾಯಿ ಬರ್ಲಿಲ್ವಾ? ಮಧುಗಿರಿ, ಪಾವಗಡ ಅಂತ ದಿನಾ ಅರಚಕ್ಕೆ ಬರ್ತಿತ್ತಲ್ಲ!"

ಹಿಂದಿನ ಸೀಟಿನಲ್ಲಿ ಯಾರೋ ನಕ್ಕು ತಕ್ಷಣ ನಿಲ್ಲಿಸಿದರು. ಆ ನಗೆ ತಿಪ್ಪಯ್ಯನಿಗೆ ಚುಚ್ಚಿತು. ಮೂವತ್ತು ವರ್ಷ ಬಸ್ಸಿನಲ್ಲಿ ಅವನ ಮಾತಿಗೆ ಎದುರು ಮಾತಿರಲಿಲ್ಲ.

"ಹೇಳಿದ್ರೆ ಏನ್ ಕಿಸೀತಿದ್ದೆ? ಹೋಗಿ ಆ ಹೆಂಗಸಿನ ಪಕ್ಕದಲ್ಲಿ ಕೂತು ಅಳ್ತಿದ್ದೆ, ಅಷ್ಟೇ. ಬುಟ್ಟು ಬಂದವ್ಳನ್ನ ಕರ್ಕಂಡು ಅನ್ನ ಹಾಕಿದ್ನಲ್ಲ, ಅದು ನೆಪ್ಪಿಲ್ಲ ನಿಂಗೆ."

"ನೀನು ಅನ್ನ ಹಾಕಿದ್ಯಾ? ಬೇಯಿಸಿದವ್ಳು ಯಾರು? ಹೆಂಡ್ತಿನ ಮಣ್ಣು ಮಾಡಿದ ಮಾರನೇ ದಿನ ಡ್ಯೂಟಿಗೆ ಹೋದೋನು ನೀನು. ನಿನ್ನ ಮಗನ್ನ ಸೊಂಟಕ್ಕೆ ಕಟ್ಕಂಡು ಹುಣಸೆ ಕುಟ್ಟಿದವ್ಳು ನಾನು. ಅಳ್ತಿದ್ದೆ ಕಣೋ, ಹೋಗಿ ಅಳ್ತಿದ್ದೆ. ಅಳೋದು ನಂದು. ಅದನ್ನೂ ಕಿತ್ಕಂಡೆ ನೀನು."

ಅವಳು ಕೂತಳು. ನಾಗಲಿಂಗಯ್ಯ ಮತ್ತೆ ಟಿಕೆಟ್ ಹರಿಯತೊಡಗಿದ.

ಆಸ್ಪತ್ರೆಯಲ್ಲಿ ಮೊದಲಿನ ಡಾಕ್ಟರು ಇರಲಿಲ್ಲ. ಅನುಷಾ ಎಂಬ ಚಿಕ್ಕ ವಯಸ್ಸಿನ ಡಾಕ್ಟರಿದ್ದಳು. ಚಿಕ್ಕಕ್ಕ ಸೆರಗಿನ ಗಂಟು ಬಿಚ್ಚಿ ಶೀಟು ಮೇಜಿನ ಮೇಲಿಟ್ಟಳು. ಡಾಕ್ಟರು ಹೆಸರು ಓದಿದಳು. ಕಿಡ್ನಿ ತೊಂದರೆ ಇದೆಯಾ, ಬೇರೆ ಮಾತ್ರೆ ತಗೊಳ್ತೀರಾ, ಮೈಮೇಲೆ ಗಂಧೆ ಎದ್ದಿದೆಯಾ, ತುಟಿ ಊದಿದೆಯಾ, ಉಸಿರು ಕಟ್ಟುತ್ತಾ ಎಂದು ಕೇಳಿದಳು. ಎಲ್ಲಕ್ಕೂ ಇಲ್ಲ. ಬಿ.ಪಿ. ನೋಡಿದಳು.

"ಏನೂ ಆಗಲ್ಲ ಯಜಮಾನ್ರೇ. ಮರೆತು ಒಂದು ಹೆಚ್ಚು ತಗೊಂಡಿದ್ದೀರಿ, ಅಷ್ಟೇ. ಹೊಟ್ಟೆ ತೊಳೆಸಬಹುದು, ಒಂದೆರಡು ಸಲ ಭೇದಿ ಆಗಬಹುದು. ನೀರು ಚೆನ್ನಾಗಿ ಕುಡೀರಿ."

"ಅಂಗಾರೆ ರಾತ್ರಿದು ಬ್ಯಾಡ್ವಾ? ಬೆಳಿಗ್ಗೇನೇ ಎರಡು ಆಯ್ತಲ್ಲ."

"ಅದನ್ನ ಬಿಡಬೇಡಿ. ರಾತ್ರಿದು ರಾತ್ರಿ ಹೊತ್ತಿಗೇ ತಗೊಳ್ಳಿ, ಒಂದೇ. ಬರೆದುಕೊಟ್ಟಷ್ಟು ದಿನ ಪೂರ್ತಿ ತಗೊಳ್ಳಿ. ಗಂಧೆ ಎದ್ರೆ, ಉಸಿರಾಡಕ್ಕೆ ಕಷ್ಟ ಆದ್ರೆ ತಕ್ಷಣ ಬನ್ನಿ."

ತಿಪ್ಪಯ್ಯನ ಮುಖ ಸಪ್ಪಗಾಯಿತು. "ಗ್ಲೂಕೋಸ್ ಹಾಕಲ್ವಾ?" ಎಂದ.

"ಬೇಕಾಗಿಲ್ಲ."

"ಡಾಕ್ಟ್ರಮ್ಮ," ಎಂದಳು ಚಿಕ್ಕಕ್ಕ, "ಇವ್ನು ಸಾಯಲ್ಲ ತಾನೆ? ನಾನು ಸಾಯಿಸಿಲ್ಲ ಅಂತ ಇವ್ನ ಮುಂದೆ ಒಂದು ಮಾತು ಹೇಳಿ."

ಡಾಕ್ಟರು ಇಬ್ಬರನ್ನೂ ನೋಡಿದಳು. ಹೊರಗೆ ಇನ್ನೂ ರೋಗಿಗಳು ಕಾಯುತ್ತಿದ್ದರು. "ಯಾರೂ ಯಾರನ್ನೂ ಸಾಯಿಸಿಲ್ಲಮ್ಮ. ಮಾತ್ರೆ ಯಾರು ಕೊಡಬೇಕು ಅಂತ ಒಬ್ಬರನ್ನ ಗೊತ್ತು ಮಾಡ್ಕೊಳ್ಳಿ. ಇಬ್ಬಿಬ್ಬರು ಕೈ ಹಾಕಿದ್ರೆ ಹಿಂಗೇ ಆಗೋದು," ಎಂದು ಪಟ್ಟಿ ಬಿಚ್ಚಿ ಗಾಯ ನೋಡಿದಳು. ಬರಿಗಾಲಲ್ಲಿ ಓಡಾಡಿದ್ದಕ್ಕೆ ತಿಪ್ಪಯ್ಯನಿಗೆ ಚೆನ್ನಾಗಿ ಬೈಗುಳ ಬಿತ್ತು.

ಬಸ್‌ಸ್ಟ್ಯಾಂಡಿಗೆ ಬರುವಷ್ಟರಲ್ಲಿ ಅವನ ಹೊಟ್ಟೆ ಕೆಟ್ಟಿತು. ಶೌಚಾಲಯಕ್ಕೆ ಹೋದ, ಬಂದ, ಮತ್ತೆ ಹೋದ. ಚಿಕ್ಕಕ್ಕ ಬೆಂಚಿನ ಮೇಲೆ ಕೂತು ಎಳನೀರು ಕುಡಿದಳು. ಅವನಿಗೂ ಒಂದು ಕೊಡಿಸಬೇಕು ಎಂದು ಅವಳಿಗೆ ಅನ್ನಿಸಲಿಲ್ಲ. ಅವನೇ ಕೊಂಡು ಕುಡಿದ.

ಊರಿಗೆ ಬಂದಾಗ ನಂದೀಶ್ವರಯ್ಯನ ಜಗಲಿಯಲ್ಲಿ ನಾಲ್ಕು ಜನ ಇದ್ದರು. ಚಿಕ್ಕಕ್ಕ ಅಣ್ಣನಿಗೆ ಅಡ್ಡ ನಿಂತಳು.

"ಡಾಕ್ಟ್ರು ಏನಂದ್ರು ಹೇಳು. ಬೆಳಿಗ್ಗೆ ಬೀದಿಲಿ ಕೂಗಿದ್ದು ಬೀದಿಲೇ ಹೇಳು."

ತಿಪ್ಪಯ್ಯ ನೆಲ ನೋಡಿದ. "ಭೇದಿ ಆಗ್ತೈತಂತೆ," ಎಂದು ಅವಳನ್ನು ಬಳಸಿಕೊಂಡು ಒಳಗೆ ಹೋದ.

ಉಳಿದದ್ದನ್ನು ಅವಳೇ ಹೇಳಿದಳು. ನಂದೀಶ್ವರಯ್ಯ "ಆಗ್ಲಿ ಬುಡಮ್ಮ, ಏನೂ ಆಗ್ಲಿಲ್ವಲ್ಲ" ಎಂದು ಬೇರೆ ಮಾತಿಗೆ ಹೊರಳಿದ. ಬೆಳಿಗ್ಗೆ ಓಡಿ ಬಂದವರಿಗೆ ಸಾಯಂಕಾಲದ ಸುದ್ದಿಯಲ್ಲಿ ರುಚಿ ಇರಲಿಲ್ಲ. ಹುಣಸೆ ಕುಟ್ಟುವಲ್ಲಿ ಮರುದಿನ ಅವಳು ಎಲೆ ಅಡಿಕೆ ಚಾಚಿದಾಗ ಲಕ್ಷ್ಮೀದೇವಿ ಕೈ ಹಿಂದೆ ತೆಗೆದುಕೊಂಡು, "ಚಿಕ್ಕಕ್ಕ ಕೊಟ್ಟಿದ್ದು ತಿನ್ನಕ್ಕೆ ಭಯ ಕಣಮ್ಮ," ಎಂದು ನಕ್ಕಳು. ಎಲ್ಲರೂ ನಕ್ಕರು. ಚಿಕ್ಕಕ್ಕ ಎಲೆಯನ್ನು ಅವಳ ಮುಂದೆಯೇ ಮಣ್ಣಿಗೆ ಹಾಕಿ ತನ್ನ ಗೋಣಿತಾಟು ಎಳೆದುಕೊಂಡು ಬೇರೆ ಮರದಡಿ ಕೂತಳು. ಆ ಕಾಲ ಮುಗಿಯುವವರೆಗೂ ಅಲ್ಲೇ ಕೂತಳು.

ಮನೆಯಲ್ಲಿ ಮಾತ್ರ ಮೌನ ಹೋಗಿತ್ತು. ಅವತ್ತು ರಾತ್ರಿಯೇ ತಿಪ್ಪಯ್ಯ ಕೂಗಿದ, "ಮಾತ್ರೆ ಎಲ್ಲಿ?"

"ಗೂಡಲ್ಲೈತೆ. ಕೈ ಬಿದ್ದೋಗೈತಾ ನಿಂಗೆ? ನಾನು ಮುಟ್ಟಲ್ಲ."

"ಮುಟ್ಟಬ್ಯಾಡ. ಬದುಕ್ಕಂತೀನಿ."

ಅಲ್ಲಿಂದ ಶುರುವಾದದ್ದು ನಿಲ್ಲಲಿಲ್ಲ. ಸಾರಿಗೆ ಉಪ್ಪು, ನಲ್ಲಿಯ ನೀರು, ಕೊಲ್ಲಾಪುರಮ್ಮ ತೀರಿಕೊಂಡ ಆ ವರ್ಷ, ಪಾವಗಡದ ಬಸ್‌ಸ್ಟ್ಯಾಂಡು, ಎಲ್ಲದಕ್ಕೂ ಜಗಳ. ಇಷ್ಟು ವರ್ಷದ ಬಾಕಿ ಮಾತೆಲ್ಲ ಒಟ್ಟಿಗೆ ಬಂದವು, ಒಂದರಲ್ಲೂ ಪ್ರೀತಿ ಇರಲಿಲ್ಲ. ಅವನ ಕಾಲು ವಾಸಿಯಾಯಿತು. ವರಲಕ್ಷ್ಮಿ ವಾಪಸು ಬಂದು ಚೀಲ ಇಳಿಸುವ ಮೊದಲೇ ಒಳಗಿನ ಕೂಗಾಟ ಕೇಳಿ ಬಾಗಿಲಲ್ಲೇ ನಿಂತಳು. "ಮಾತಿಲ್ದಾಗ್ಲೇ ವಾಸಿ ಇತ್ತು," ಎಂದ ರಂಗೇಶ್.

ಒಂದು ಜಗಳದ ಮಧ್ಯೆ ಚಿಕ್ಕಕ್ಕ ಕೇಳಿದಳು, "ಅವ್ನನ್ನ ಎಲ್ಲಿ ಮಣ್ಣು ಮಾಡಿದ್ರು? ಅದಾದ್ರೂ ಗೊತ್ತಾ ನಿಂಗೆ?"

"ಅವ್ರ ಹೊಲದಲ್ಲಿ. ಬೋರ್‌ವೆಲ್ ಪಕ್ಕ, ಬೇಲಿ ಕಡೆಗೆ."

"ನಿಂಗೆಂಗೆ ಗೊತ್ತು?"

"ಹೋಗಿದ್ದೆ ಕಣೆ. ಅವತ್ತು ಬಸ್ಸು ಬೇರೆಯವನಿಗೆ ಕೊಟ್ಟು ಹೋಗಿದ್ದೆ. ದೂರ ನಿಂತು ನೋಡ್ಕಂಡು ಬಂದೆ. ಏನೀಗ?"

ಅವಳು ಅವನನ್ನು ದಿಟ್ಟಿಸಿದಳು. ಹೋಗಿ ನೋಡಿ ಬಂದವನು ಅವತ್ತು ಅವಳೆದುರು ಕೂತು ಉಂಡಿದ್ದ. ಹೋಗಿದ್ದನೆಂದು ತಿಳಿದದ್ದರಿಂದ ಅವಳ ಸಿಟ್ಟು ಕಡಿಮೆಯಾಗಲಿಲ್ಲ, ಹೆಚ್ಚೇ ಆಯಿತು. "ನೀನು ನೋಡ್ದೆ. ನಂಗೆ ತೋರಿಸ್ಲಿಲ್ಲ," ಎಂದು ಒಳಗೆ ಹೋದಳು.

ಮರುವಾರ ಅವಳು ಒಗೆದ ಸೀರೆ ಉಟ್ಟು, ಚೀಲದಲ್ಲಿ ಊದುಬತ್ತಿ, ಬಾಳೆಹಣ್ಣು ಇಟ್ಟುಕೊಂಡು ಹೊರಟಳು. ಎಲ್ಲಿಗೆಂದು ಯಾರಿಗೂ ಹೇಳಲಿಲ್ಲ, ಆದರೂ ಎಲ್ಲರಿಗೂ ಗೊತ್ತಿತ್ತು. ವರಲಕ್ಷ್ಮಿ ನಾನೂ ಬರ್ತೀನಿ ಅಂದದ್ದಕ್ಕೆ ಬೇಡ ಎಂದಳು. ಜಗಲಿಯಲ್ಲಿ ಕೂತಿದ್ದ ತಿಪ್ಪಯ್ಯ ಬೀದಿಯ ಕಡೆ ನೋಡುತ್ತಲೇ ಗದರಿದ:

"ಶಿರಾದಲ್ಲಿ ಮಡಕಶಿರಾ ಮೇಲೆ ಹೋಗೋದು ಹತ್ತು. ಮಧುಗಿರಿದು ಹತ್ತಬ್ಯಾಡ, ಸುತ್ತಾಗ್ತೈತೆ. ಬಿಸಿಲಲ್ಲಿ ಸಾಯ್ತೀಯ."

"ನಿನ್ನ ಕೇಳ್ದೋರು ಯಾರು?" ಎಂದಳು ಚಿಕ್ಕಕ್ಕ.

ಶಿರಾದ ಬಸ್‌ಸ್ಟ್ಯಾಂಡಿನಲ್ಲಿ ಪಾವಗಡದ ಎರಡು ಬಸ್ಸೂ ಅಕ್ಕಪಕ್ಕ ನಿಂತಿದ್ದವು. ಮಡಕಶಿರಾದ್ದು ಖಾಲಿ ಇತ್ತು. ಅವಳು ಮಧುಗಿರಿ ಬಸ್ಸು ಹತ್ತಿದಳು.